ತಾಂಡೂರಿಗೆ ತಲುಪದ ಕೊಳವೆ

ನೀಲತ್ತಿಯ ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಅಂಟುವಾಳದ ವಾಸನೆ. ಕರ್ಪೂರದ್ದಲ್ಲ, ನುಸಿಗುಳಿಗೆಯದೂ ಅಲ್ಲ. ಹಬ್ಬದ ಮುಂಚೆ ಅಂಗಳದ ಹಂಡೆಯಲ್ಲಿ ನೊರೆಯೆದ್ದು ಕಣ್ಣು ಉರಿಸುತ್ತಿತ್ತಲ್ಲ, ಅದೇ. ನಲವತ್ತೈದು ವರ್ಷ ಆದಮೇಲೆ ವಾಸನೆ ಎಲ್ಲಿ ಉಳಿಯುತ್ತದೆ ಎಂದು ನನ್ನ ಗಂಡ ನಕ್ಕರು. ಉಳಿದಿರಲಿಕ್ಕಿಲ್ಲ, ನನ್ನ ತಲೆಯಲ್ಲಿದ್ದದ್ದೇ ಹೊರಗೆ ಬಂದಿರಬಹುದು, ಆ ವಾದ ನನಗೆ ಬೇಡ. ನೀಲತ್ತಿ ಅಂದರೆ ನನ್ನ ಅಪ್ಪನ ತಂಗಿ. ಕೊನೆಯ ಹದಿನೈದು ವರ್ಷ ಜಹೀರಾಬಾದಿನಲ್ಲಿ ನನ್ನ ಮನೆಯಲ್ಲೇ ಇದ್ದಳು, ಹೋದ ತಿಂಗಳು ಮಣ್ಣಾದಳು. ಟ್ರಂಕಿನಲ್ಲಿ ನಾಲ್ಕು ಇಳಕಲ್ ಸೀರೆ, ಒಂದು ವಿಭೂತಿ ಗಟ್ಟಿ, ಎಲ್ಲಕ್ಕೂ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಕಟ್ಟಿಗೆಯ ಕೊಳವೆ. ಒಂದು ಮೊಳ, ಒಂದು ಗೇಣು ಉದ್ದ. ನಾಲ್ಕು ಮೂಲೆಯದು. ಕೆಳಗೆ ಗಾಳಿ ಹೋಗುವ ಕಾಲು, ಮೇಲಿನ ತುದಿಗೆ ತೊಗಲು ಸುತ್ತಿದ ಹಿಡಿ. ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಸುಟ್ಟೆ ಅಂದಿದ್ದಳಲ್ಲ! ನನ್ನ ಕಣ್ಣಲ್ಲಿ ಕಣ್ಣಿಟ್ಟು, ನೀರೊಲೆಗೆ ಹಾಕಿ ಸುಟ್ಟೆ ಅಂದಿದ್ದಳು. ಟ್ರಂಕು ತೆರೆದ ದಿನದಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಚಹಾ ಇಟ್ಟು ಮರೆಯುತ್ತೇನೆ, ಶಾಲೆಯಲ್ಲಿ ಹಾಜರಿ ಕರೆಯುತ್ತಾ ನಡುವೆ ನಿಂತುಬಿಡುತ್ತೇನೆ, ಮಕ್ಕಳು ಮುಖ ಮುಖ ನೋಡುತ್ತವೆ.

ನಮ್ಮ ಮನೆ ಇದ್ದದ್ದು ನಾರಾಯಣಖೇಡದಲ್ಲಿ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ, ಅದರ ಪಕ್ಕಕ್ಕೆ ಬಿರಿಯಾನಿ ಹೋಟೆಲು. ಬಸ್ಸು ಅದರ ಮುಂದೆ ಹಾದಾಗ ನಾನು ಇನ್ನೊಂದು ಕಡೆಯ ಕಿಟಕಿ ನೋಡುತ್ತೇನೆ. ಆಗ ಅಲ್ಲಿ ತಾಂಡೂರಿನ ಬಂಡೆ ಹಾಸಿದ ಪಡಸಾಲೆ, ಬೇಸಗೆಯಲ್ಲಿ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೆ ತಣ್ಣಗೆ ಹತ್ತುವ ನೆಲ. ಪಡಸಾಲೆಯ ಒಂದು ಮೂಲೆ ಪೂರ್ತಿ ನಮ್ಮ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಹೆಸರು ಗುರುಲಿಂಗಪ್ಪ. ಸುತ್ತಲಿನ ಊರುಗಳ ಭಜನೆ ಮಂಡಳಿಯವರ ಪೇಟಿ ಕೆಟ್ಟರೆ ಅವನ ಹತ್ತಿರವೇ ಬರಬೇಕು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಹೆಸರು. ತಿದಿಗೆ ತೊಗಲು ಅಂಟಿಸುವುದು, ಸ್ವರದ ಹಿತ್ತಾಳೆ ಪಟ್ಟಿ ಕೆರೆಯುವುದು, ಇಲಿ ಕಡಿದ ಕಟ್ಟಿಗೆ ತೇಪೆ ಹಾಕುವುದು, ಎಲ್ಲ ಅಲ್ಲೇ. ಕೆಲಸ ಮುಗಿದ ಮೇಲೆ ಅವನದೊಂದು ಪದ್ಧತಿ ಇತ್ತು. ನೀಲಿ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಒತ್ತಿ, ಪೇಟಿಯ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಊರಿನ ಹೆಸರು ಮತ್ತು ಆ ದಿನದ ತಿಥಿ ಬರೆಯುತ್ತಿದ್ದ. ಯಾರೂ ನೋಡದ ಕಡೆ ಯಾಕೆ ಬರೆಯುತ್ತೀ ಎಂದು ಕೇಳಿದ್ದಕ್ಕೆ, "ಮುಂದ ಯಾರರ ಬಿಚ್ಚಿ ನೋಡ್ತಾರವ್ವ. ಯಾವೂರಾಗ, ಯಾವತ್ತ ಕೈ ಹಚ್ಯಾರಂತ ಅವರಿಗಿ ಗೊತ್ತಾಗ್ಬೇಕು. ಹೊರಗ ನಾವು ಏನರ ಅಂದ್ರೂ, ಒಳಗಿನ ಮಾತು ಸುಳ್ಳ ಇರಬಾರದು" ಅಂದಿದ್ದ. ನಾಲಿಗೆಯ ಮೇಲೆ ಯಾವಾಗಲೂ ನೀಲಿ ಕಲೆ. ನಾನು ಅದನ್ನು ನೋಡಲೆಂದೇ ಬಾಯಿ ತೆರೆ ತೆರೆ ಎಂದು ಪೀಡಿಸುತ್ತಿದ್ದೆ.

ಅಂಥ ಮನೆಗೆ ದೊಡ್ಡ ಪೇಟಿ ಬಂತು, ಕೊಳವೆಗಳಿಂದ ಹಾಡುವ ಚರ್ಚಿನ ಆರ್ಗನ್. ಅದು ಮೊದಲು ಎಲ್ಲೋ ಸಿಕಂದರಾಬಾದಿನ ಕಡೆಯ ದಂಡಿನ ದೊರೆಗಳ ಸಣ್ಣದೊಂದು ಚರ್ಚಿಗೆ ಹಡಗಿನಲ್ಲಿ ಬಂದದ್ದಂತೆ. ದೊರೆಗಳು ಹೋದ ಮೇಲೆ ರೈಲಿನಲ್ಲಿ ಜಹೀರಾಬಾದಿನ ಒಂದು ಚರ್ಚಿಗೆ ಬಂತು. ಆ ಚರ್ಚಿನ ಮಾಡು ಸೋರಿ ತಿದಿ ಹರಿದು, ಪೇಟಿ ಉಬ್ಬಸ ಹಿಡಿದವರ ಹಾಗೆ ಉಸ್ಸೆನ್ನತೊಡಗಿದಾಗ, ಅಲ್ಲಿಯ ಹಿರಿಯರು ಮುತ್ಯಾನ ಹತ್ತಿರ ಬಂದರು. ಅವನು ಇಂಥದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ. ಹೋಗಿ ಒಂದು ದಿನವಿಡೀ ಅದರ ಮುಂದೆ ಕೂತು ಬಂದ. "ಗಾಳಿ ಅಂದ್ರ ಗಾಳೀನೇ. ಸಣ್ಣ ಪೇಟ್ಯಾಗ ಇದ್ರೇನು, ದೊಡ್ಡ ಪೇಟ್ಯಾಗ ಇದ್ರೇನು?" ಎಂದು ಒಪ್ಪಿಕೊಂಡ. ಬಿಚ್ಚಿ ತಂದು ನಮ್ಮ ಪಡಸಾಲೆಯಲ್ಲಿ ಹರವಿದಾಗ ಅವ್ವನಿಗೆ ರೊಟ್ಟಿ ಬಡಿಯಲು ಜಾಗ ಉಳಿಯಲಿಲ್ಲ. ಎಲ್ಲಕ್ಕೂ ಕೆಳಗೆ ಕೈಹಿಡಿಯಿಂದ ಊದುವ ಎಮ್ಮೆಗಾತ್ರದ ತಿದಿ, ಅದರ ಮೇಲೆ ಗಾಳಿಪೆಟ್ಟಿಗೆ. ಪೆಟ್ಟಿಗೆಯ ಮೇಲ್ಹಲಗೆಯಲ್ಲಿ ಮೂರು ಸಾಲು ತೂತು, ತೂತಿಗೊಂದು ಕೊಳವೆ. ಮುಂದೆ ಕೂತವರು ಬಿಳಿ ಪಟ್ಟಿಯನ್ನೋ ಕರಿ ಪಟ್ಟಿಯನ್ನೋ ಒತ್ತಿದರೆ ತೆಳ್ಳನೆಯ ಕಟ್ಟಿಗೆಯ ಕಡ್ಡಿ ಎಳೆದು ಆ ತೂತಿನ ಕದ ತೆರೆಯುತ್ತದೆ, ಗಾಳಿ ನುಗ್ಗುತ್ತದೆ, ಕೊಳವೆ ಹಾಡುತ್ತದೆ. ಎರಡು ಸಾಲು ಸೀಸದ ಬಣ್ಣದ ಲೋಹದವು, ಒಂದು ಸಾಲು ಕಟ್ಟಿಗೆಯವು, ಒಟ್ಟು ನೂರೈವತ್ತರ ಮೇಲೆ. ಕಟ್ಟಿಗೆಯ ಕೊಳವೆಗಳ ದನಿ ಮೆತ್ತಗೆ. ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ.

ಕೆಲಸ ಒಂದು ಮಳೆಗಾಲದ್ದು ಅಂದುಕೊಂಡದ್ದು ಮೂರು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಜಹೀರಾಬಾದಿನವರು ಕರೆಂಟಿನ ಹೊಸ ಪೇಟಿ ಕೊಂಡು, ಇದನ್ನು ತಾಂಡೂರಿನ ಚರ್ಚಿಗೆ ಕೊಟ್ಟುಬಿಟ್ಟಿದ್ದರು. ನಮಗೇನು ಅವಸರ? ದೊಡ್ಡ ಪೇಟಿ ಮನೆಯ ಮಂದಿಯಾಗಿ ಹೋಗಿತ್ತು. ಎಲ್ಲರಿಗಿಂತ ಹೆಚ್ಚು ಅದು ನೀಲತ್ತಿಯದಾಗಿತ್ತು. ಅವಳನ್ನು ಕೊಡಂಗಲ್‌ಗೆ ಕೊಟ್ಟಿದ್ದರು. ಒಂದೇ ವರ್ಷಕ್ಕೆ ಗಂಡನ ಮನೆಯವರು, "ಇಕಿ ಕೈ ಹಚ್ಚಿದ್ದೆಲ್ಲ ಒಡೀತದ" ಎಂದು ಹೆಸರಿಟ್ಟು ತಂದು ಬಿಟ್ಟು ಹೋಗಿದ್ದರು. ಏನು ಒಡೆದಿದ್ದಳೋ, ಒಂದು ಉಪ್ಪಿನಕಾಯಿ ಭರಣಿಯೋ, ಕನ್ನಡಿಯೋ; ಅವಳಂತೂ ಹೇಳಲಿಲ್ಲ. ಆದರೆ ಅಂದಿನಿಂದ ಮನೆಯಲ್ಲಿ ಒಂದು ಲೋಟ ಕೆಳಗೆ ಬಿದ್ದರೂ ಎಲ್ಲರೂ ಒಮ್ಮೆ ಅವಳ ಕಡೆ ನೋಡುತ್ತಿದ್ದರು, ನೋಡಿದ್ದಕ್ಕೆ ನಾಚಿ ಮುಖ ತಿರುಗಿಸುತ್ತಿದ್ದರು. ಅಂಥವಳ ಕಿವಿ ಬಲು ಚುರುಕು. ವಯಸ್ಸಾದ ಮುತ್ಯಾನಿಗೆ ಸಣ್ಣ ಸ್ವರ ಸರಿಯಾಗಿ ಕೇಳುತ್ತಿರಲಿಲ್ಲ. ಸ್ವರ ಕೂಡಿಸಲು ಅವನು ಕೊಳವೆಯ ಹಿಡಿಯನ್ನು ಒಳಕ್ಕೆ ಹೊರಕ್ಕೆ ಸರಿಸುವನು, ಇವಳು ಒಲೆಯ ಮುಂದಿನಿಂದಲೇ "ಇನ್ನೊಂದ್ ಜರಾ ಇಳೀಲಿ ಅಪ್ಪ... ಸಾಕ್ ಸಾಕ್, ಆತು" ಅನ್ನುವಳು. ಆ ಮಾತು ಹೇಳುವಾಗ ಮಾತ್ರ ಅವಳ ದನಿಯಲ್ಲಿ ಹೆದರಿಕೆ ಇರುತ್ತಿರಲಿಲ್ಲ.

ಮಹಾನವಮಿಯ ಮುಂಚೆ ನಮ್ಮ ಮನೆಯಲ್ಲಿ ಏನೂ ತೊಳೆಯದೆ ಉಳಿಯಬಾರದು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಕೌದಿ, ಕಂಬಳಿ, ಜೋಳದ ಕಣಜದ ಮುಚ್ಚಳ, ತೊಟ್ಟಿಲು, ದೇವರ ಮಣೆ, ಅಟ್ಟದ ಮೇಲಿನ ಹಗ್ಗದವರೆಗೆ ಎಲ್ಲವೂ ಅಂಗಳಕ್ಕೆ ಬಂದು ನೀರು ಕಾಣಬೇಕು. ಆ ಸಲ ಅಪ್ಪ, ಮುತ್ಯಾ ಇಬ್ಬರೂ ಊರಲ್ಲಿರಲಿಲ್ಲ. ಆಯಿ, ಅಂದರೆ ಅಜ್ಜಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಅಪ್ಪಣೆ ಕೊಡಿಸಿದಳು: "ಮೂರು ವರ್ಷದಿಂದ ಈ ಕೊಳವಿ ಧೂಳ ಕುಡ್ಕೋತ ಬಿದ್ದಾವ. ಯಾರ ದೇವರದಾದ್ರೇನು, ದೇವರ ಮುಂದ ಹಾಡೂ ಸಾಮಾನಲ್ಲೇನು? ತೊಳೀರಿ!" ನೀಲತ್ತಿ ಒಮ್ಮೆ ಅನುಮಾನಿಸಿದಳು. ಆಯಿಯ ಎದುರು ಮಾತಾಡುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ನಾನು ಒಂಬತ್ತು ವರ್ಷದವಳು, ನೀರಿನ ಕೆಲಸ ಅಂದರೆ ಕುಣಿಯುವವಳು. ಅಂಟುವಾಳದ ನೊರೆಯಲ್ಲಿ ತೆಂಗಿನ ನಾರು ಅದ್ದಿ ಅದ್ದಿ ಇಬ್ಬರೂ ಒಂದೊಂದು ಕೊಳವೆಯನ್ನೂ ತಿಕ್ಕಿದೆವು. ಅವುಗಳ ಬಾಯೊಳಗೆ ನೀರು ಹಾಕಿ ಕುಲುಕಿದೆವು. ಬಿಸಿಲಿಗೆ ಮಾಳಿಗೆಯ ಮೇಲೆ ಸಾಲಾಗಿ ಒಣಹಾಕಿ, ಸಂಜೆ ಪ್ರತಿಯೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಎಷ್ಟು ಚಂದ ಕಾಣುತ್ತವೆ ಎಂದು ಹಿಗ್ಗಿದೆವು. ಎರಡು ದಿನ ಬಿಟ್ಟು ಬಂದ ಮುತ್ಯಾ ಒಂದು ಕೊಳವೆ ಎತ್ತಿ ತಿರುಗಿಸಿ ನೋಡಿದ. ಇನ್ನೊಂದು ಎತ್ತಿದ. ಯಾವ ಕೊಳವೆ ಯಾವ ತೂತಿನದು ಎಂದು ಅವನು ಪೆನ್ಸಿಲ್ಲಿನಲ್ಲಿ ಬರೆದಿದ್ದ ಗುರುತುಗಳೆಲ್ಲ ನೀರಿನೊಂದಿಗೆ ಹರಿದುಹೋಗಿದ್ದವು. ಬೈಯಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಬಹಳ ಹೊತ್ತು ತನ್ನ ಮೊಣಕಾಲನ್ನೇ ತಿಕ್ಕಿಕೊಳ್ಳುತ್ತಿದ್ದ.

ಗುರುತು ಮತ್ತೆ ಹಚ್ಚಿದವಳು ನೀಲತ್ತಿ. ಒಂದೊಂದೇ ಕೊಳವೆಯನ್ನು ತುಟಿಗೆ ಹಚ್ಚಿ ಊದಿ, ಕೇಳಿ, ಉದ್ದ ನೋಡಿ, ಪಡಸಾಲೆಯ ಬಂಡೆಯ ಮೇಲೆ ಸಾಲು ಹಚ್ಚುತ್ತಾ ಹೋದಳು. ಮನೆಯ ತುಂಬ ಐದಾರು ದಿನ ಅದೇ ಕೂಗು. ಹಾದಿಯಲ್ಲಿ ಹೋಗುವವರು ಬಾಗಿಲಲ್ಲಿ ಇಣುಕಿ ಹೋಗುವರು. ಒಂದು ಮಧ್ಯಾಹ್ನ ಅವಳು ಒಂದು ಕೊಳವೆ ಊದಿ ನಿಲ್ಲಿಸಿದಳು. ಮತ್ತೆ ಊದಿದಳು. ಗಂಟಲು ಕಟ್ಟಿದವರ ದನಿ. ನೀರು ಕುಡಿದ ಕಟ್ಟಿಗೆ ಬಿಸಿಲಿಗೆ ಎಳೆದು, ಸರೇಸಿನ ಅಂಟು ಬಿಟ್ಟು, ಬೆನ್ನಿನುದ್ದಕ್ಕೂ ಕೂದಲೆಳೆಯ ಬಿರುಕು. ಕಟ್ಟಿಗೆಯ ಸಾಲಿನಲ್ಲಿ ನಟ್ಟನಡುವಿನದು ಅದು, ಪೇಟಿಯವರು ಬಿಳಿ ಒಂದು ಅನ್ನುವ ಸ್ವರ. ಎಲ್ಲ ಹಾಡಿಗೂ ಬೇಕಾಗುವಂಥದ್ದು. ಅರಗು ತುಂಬಿ, ದಾರ ಸುತ್ತಿ ನೋಡಿದಳು, ದನಿ ತಿಳಿಯಾಗಲಿಲ್ಲ. "ನಾ ಕೈ ಹಚ್ಚಿದ್ದು ಒಡೀತು ನೋಡು. ಖರೇನೇ ಹೇಳಿದ್ರು ಅವರು" ಎಂದಳು. ತಾಂಡೂರಿಗೂ ಕೊಡಂಗಲ್‌ಗೂ ಎಷ್ಟು ದೂರ? ಸುದ್ದಿ ಒಂದೇ ದಿನದಲ್ಲಿ ಮುಟ್ಟುತ್ತದೆ. ಆ ಹೆದರಿಕೆ ನನಗಾಗ ಅರ್ಥವಾಗಲಿಲ್ಲ. ಮರುದಿನ ಕೊಳವೆ ಇರಲಿಲ್ಲ. ಸುಟ್ಟೆ ಅಂದಳು, ಯಾರಿಗೂ ಹೇಳಬೇಡ ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹೇಳಲಿಲ್ಲ.

ಪೇಟಿಯನ್ನು ತಾಂಡೂರಿಗೆ ಒಯ್ದವನು ಖಾದರ್ ಚಾಚಾ. ಕೊಹೀರಿನವನು, ತಾಂಡೂರಿನಿಂದ ಬಂಡೆ ಹೇರಿಕೊಂಡು ನಮ್ಮ ಕಡೆ ಬರುವ ಲಾರಿಯ ಡ್ರೈವರ್. ನಮ್ಮ ಪಡಸಾಲೆಯ ನೆಲವೆಲ್ಲ ಅವನು ತಂದದ್ದೇ. ಮುತ್ಯಾನಿಗಿಂತ ಇಪ್ಪತ್ತು ವರ್ಷ ಚಿಕ್ಕವ, ಆದರೂ ಇಬ್ಬರದೂ ಗಳಸ್ಯ ಕಂಠಸ್ಯ. ಲಾರಿ ನಿಂತ ಸದ್ದಾದರೆ ಆಯಿ ಕೇಳದೆಯೇ ಚಹಾಕ್ಕೆ ನೀರಿಡುವಳು. ಬಾಗಿಲ ಕಟ್ಟೆಯ ಮೇಲೆ ಕೂತು ಬಸಿಗೆ ಸುರಿದುಕೊಂಡು, ಸೊರ್ ಎಂದು ಸದ್ದು ಮಾಡಿ ಕುಡಿದು, ಕೊನೆಯ ಹನಿಗೆ ಬಸಿ ಬೋರಲು ಹಾಕಿ ತೋರಿಸುವುದು ಅವನ ರೂಢಿ. ದೀಪಾವಳಿ ಕಳೆದು ಒಂದು ತಿಂಗಳಿಗೆ, ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ, ಬಂಡೆ ಇಳಿಸಿ ಖಾಲಿಯಾದ ಲಾರಿಯಲ್ಲಿ ಜೋಳದ ಸೊಪ್ಪು ಹಾಸಿ, ನಾನು ಎಣಿಸಿ ಕೊಟ್ಟ ಕೊಳವೆಗಳನ್ನು ಕೌದಿಯಲ್ಲಿ ಸುತ್ತಿ, ಹಸುಗೂಸು ಮಲಗಿಸಿದ ಹಾಗೆ ಮಲಗಿಸಿಕೊಂಡು ಹೋದ. ಎರಡು ದಿನ ಬಿಟ್ಟು ಮುತ್ಯಾ ಬಸ್ಸಿನಲ್ಲಿ ಹೋಗಿ ಅಲ್ಲಿ ಜೋಡಿಸಿದ. ಜೋಡಿಸುತ್ತಾ ಜೋಡಿಸುತ್ತಾ, ಚರ್ಚಿನ ಹಿರಿಯರೆಲ್ಲರ ಎದುರು, ಒಂದು ಕೊಳವೆ ಇಲ್ಲ ಎಂದು ಕೂಗಿದನಂತೆ. "ನನ್ನ ಮನಿಯಿಂದ ಎಲ್ಲಾ ಬಂದಾವ್ರಿ. ಹಾದ್ಯಾಗ ಲಾರಿಯಂವ ಕಳದಾನ" ಅಂದನಂತೆ. ಹೊಸದು ಮಾಡಿಕೊಡುತ್ತೇನೆ ಅಂದದ್ದಕ್ಕೆ ಹಿರಿಯರು, ಬೇಡ, ಹಳೆಯದೇ ಸಿಗಲಿ, ಡ್ರೈವರ್ ಹುಡುಕಿ ತರಲಿ ಎಂದರಂತೆ.

ಆಮೇಲೆ ಚಾಚಾ ಒಂದೇ ಒಂದು ಸಲ ನಮ್ಮ ಮನೆಗೆ ಬಂದ. ಲಾರಿ ಇರಲಿಲ್ಲ, ಸೈಕಲ್ ಇತ್ತು. ಮುತ್ಯಾ ಒಳಗಿದ್ದವನು ಹೊರಗೆ ಬರಲಿಲ್ಲ. ಆಯಿ ಚಹಾ ತಂದಿಟ್ಟಳು. ಚಾಚಾ ನನ್ನನ್ನು ಹತ್ತಿರ ಕರೆದು, "ಬೇಟಿ, ನೀ ಎಣಸಿದ್ದಿ ಹೌದಲ್ಲ? ಕೌದ್ಯಾಗ ಸುತ್ತೋವಾಗ ಎಲ್ಲಾ ಇದ್ದವಲ್ಲ? ಇಲ್ಲಂದ್ರ ಇಲ್ಲನ್ನು, ನಿಂಗ ಯಾರೂ ಬೈಯಲ್ಲ" ಎಂದ. ಬಾಗಿಲ ಹಿಂದೆ ನೀಲತ್ತಿಯ ಬಳೆ ಸದ್ದಾಯಿತು. ಎಲ್ಲಾ ಇದ್ದವು ಚಾಚಾ, ಅಂದೆ. ನಾನೇ ಅಂದೆ, ಈ ಬಾಯಿಂದ. ಅವನು ತಲೆಯಾಡಿಸಿ, "ಹಂಗಾರ ಹಾದ್ಯಾಗೇ ಬಿದ್ದದ" ಎಂದು ಎದ್ದ. ಬಸಿಯಲ್ಲಿ ಸುರಿದ ಚಹಾ ಹಾಗೇ ಇತ್ತು, ಕೆನೆ ಕಟ್ಟಿತು. ನಾರಾಯಣಖೇಡದಿಂದ ತಾಂಡೂರಿನವರೆಗೆ ಅವನು ಆ ಹಾದಿಯುದ್ದಕ್ಕೂ ಚಹಾದಂಗಡಿ, ಪಂಕ್ಚರ್ ಅಂಗಡಿ, ಹೊಲದ ಕೂಲಿಗಳು, ಯಾರನ್ನೂ ಬಿಡದೆ ಕೇಳುತ್ತಾ ಹೋದನೆಂದು ಆಮೇಲೆ ಕೇಳಿದೆವು. ನಮ್ಮ ಕಟ್ಟೆಗೆ ಅವನು ಮತ್ತೆ ಬರಲಿಲ್ಲ. ಲಾರಿಯ ಸದ್ದಿಗೆ ಆಯಿ ಒಲೆಯ ಕಡೆ ಹೋಗುವಳು, ಅದು ಮುಂದೆ ಹಾದುಹೋದ ಮೇಲೆ ಸುಮ್ಮನೆ ವಾಪಸಾಗುವಳು. ಆಯಿ ಹೋದಳು, ಮುತ್ಯಾ ಹೋದ, ಅಪ್ಪ ಅವ್ವ ಹೋದರು, ರಸ್ತೆ ಅಗಲ ಮಾಡುವವರು ಬಂದು ಪಡಸಾಲೆಯನ್ನೂ ಒಯ್ದರು. ಕೊಹೀರು ಜಹೀರಾಬಾದಿನ ಪಕ್ಕದಲ್ಲೇ ಇದೆ. ಇಷ್ಟು ವರ್ಷ ನಾನು ಯಾಕೆ ಹೋಗಲಿಲ್ಲ ಎಂದು ಕೇಳಬೇಡಿ. ನೀಲತ್ತಿ ಬದುಕಿದ್ದಳು, ಅವಳ ತಲೆಯ ಮೇಲೆ ಇಟ್ಟ ಕೈ ಇತ್ತು, ಅಷ್ಟೇ ನನ್ನ ಉತ್ತರ.

ನಾಗರಪಂಚಮಿಯ ಮರುದಿನ ಕೊಳವೆಯನ್ನು ಚೀಲದಲ್ಲಿಟ್ಟುಕೊಂಡು ನಸುಕಿನ ಬಸ್ಸು ಹಿಡಿದೆ. ತಾಂಡೂರಿನ ಚರ್ಚಿನಲ್ಲೂ ಈಗ ಕರೆಂಟಿನ ಪೇಟಿಯೇ. ನಮ್ಮದು ಮೂಲೆಯಲ್ಲಿ ಬೆಡ್‌ಶೀಟು ಹೊದ್ದು ನಿಂತಿತ್ತು. ನೋಡಿಕೊಳ್ಳುವ ಹೆಂಗಸು ಒಳ್ಳೆಯವಳು, ತಾನೇ ಕೈಹಿಡಿ ಒತ್ತಿ ತಿದಿಗೆ ಗಾಳಿ ತುಂಬಿದಳು. ಗುಂಡಿ ಎಳೆದು ಕಟ್ಟಿಗೆಯ ಸಾಲು ಒಂದಕ್ಕೇ ಗಾಳಿ ಬಿಟ್ಟು ನಡುವಿನ ಬಿಳಿ ಪಟ್ಟಿ ಒತ್ತಿದೆ, ಟಕ್ ಎಂದಿತು ಅಷ್ಟೇ. "ಅದು ಮೂಗೀರಿ ಅಮ್ಮ. ನಾ ಸಣ್ಣಾಕಿ ಇದ್ದಾಗಿಂದ ಮಾತಾಡಿಲ್ಲ" ಎಂದಳು. ಹಿಂದೆ ಹೋಗಿ ನೋಡಿದರೆ ಕೊಳವೆಗಳ ಸಾಲಿನ ನಡುವೆ ಒಂದು ಹಲ್ಲು ಬಿದ್ದ ಜಾಗ, ಆ ತೂತಿಗೆ ತೊಗಲು ಸುತ್ತಿದ ಸಾಗವಾನಿ ಬಿರಡೆ. ಕಿತ್ತೆ. ಕೊಳವೆ ಕೂರಿಸಿದೆ, ಒತ್ತಿದೆ. ಗೊಗ್ಗರು ದನಿ, ಆದರೂ ದನಿ! ಆ ಹೆಂಗಸು ಕೈಹಿಡಿ ಬಿಟ್ಟು ಚಪ್ಪಾಳೆ ತಟ್ಟಿದಳು, ನಾನು ಅಲ್ಲೇ ನಿಂತು ಅತ್ತೆ. ಕಣ್ಣು ಒರೆಸಿಕೊಳ್ಳುವಾಗ ಕೈಯಲ್ಲಿದ್ದ ಬಿರಡೆಯ ತಳ ಕಂಡಿತು. ನೀಲಿ ಪೆನ್ಸಿಲ್ಲು. ಮುತ್ಯಾನ ಉರುಟು ಅಕ್ಷರ. "ನಾರಾಯಣಖೇಡ. ದೀಪಾವಳಿ ಪಾಡ್ಯ."

ಎರಡು ಸಲ ಓದಿದೆ. ದೀಪಾವಳಿ ಪಾಡ್ಯಕ್ಕೆ ಪೇಟಿ ಇನ್ನೂ ನಮ್ಮ ಪಡಸಾಲೆಯಲ್ಲಿತ್ತು. ಲಾರಿ ಬಂದದ್ದು ಒಂದು ತಿಂಗಳಾದ ಮೇಲೆ. ಅಂದರೆ ಕೊಳವೆ ಹೋದದ್ದು ಅವನಿಗೆ ಆಗಲೇ ಗೊತ್ತಿತ್ತು. ಬಿರಡೆ ಮಾಡಿ ಹತ್ಯಾರದ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಅಲ್ಲಿ ಎಲ್ಲರೆದುರು ಹೊಸದಾಗಿ ಗೊತ್ತಾದವನ ಹಾಗೆ ಕೂಗಿದ್ದ. ಮಗಳ ಹೆಸರು ಕೊಡಂಗಲ್‌ನವರ ಬಾಯಿಗೆ ಮತ್ತೆ ಬೀಳಬಾರದೆಂದು ದೋಸ್ತನ ಹೆಸರು ಕೆಡಿಸಿದ. "ನನ್ನ ಕೈಯಿಂದಲೇ ಕೆಟ್ಟಿತು" ಅನ್ನಬಹುದಿತ್ತಲ್ಲ ಮುದುಕ! ಅನ್ನಲಿಲ್ಲ, ಅಷ್ಟು ಸೊಕ್ಕು ಅವನಿಗೆ ತನ್ನ ಕೈಕೆಲಸದ ಮೇಲೆ. ಕೊಳವೆಯನ್ನು ಅಲ್ಲೇ ಬಿಟ್ಟು, ಬಿರಡೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅವನ ಮೇಲೆ ಬಂದ ಸಿಟ್ಟು ತಾಂಡೂರಿನಿಂದ ಕೊಹೀರಿನವರೆಗೂ ಇಳಿಯಲಿಲ್ಲ. ಪಕ್ಕದ ಸೀಟಿನವಳು ಅಕ್ಕ, ಹುಷಾರಿಲ್ಲವೇ ಎಂದು ಕೇಳಿದಳು.

ಖಾದರ್ ಚಾಚಾ ಮನೆಯ ಮುಂದೆ ಮಂಚದ ಮೇಲೆ ಕೂತಿದ್ದ. ಎಂಬತ್ತು ದಾಟಿದೆ, ಗಡ್ಡವೆಲ್ಲ ಬೆಳ್ಳಗೆ. ಗುರುಲಿಂಗಪ್ಪನ ಮೊಮ್ಮಗಳು ಅಂದಾಗ ಎದ್ದು ನಿಲ್ಲಲು ನೋಡಿದ. ನಾನು ಕೂರಲಿಲ್ಲ, ನಿಂತೇ ಎಲ್ಲ ಹೇಳಿದೆ: ತೊಳೆದದ್ದು, ಬಿರುಕು ಬಿಟ್ಟದ್ದು, ನೀಲತ್ತಿ ಬಚ್ಚಿಟ್ಟದ್ದು, ನಾನು ಸುಳ್ಳು ಹೇಳಿದ್ದು. ಅವನ ಕಾಲು ಹಿಡಿದೆ. "ಮನ್ಯಾಗೇ ಇತ್ತು? ಯಾ ಅಲ್ಲಾ. ನಾ ಮೋರಿ ಮೋರಿಗಿ ಕೈ ಹಾಕಿ ನೋಡಿದ್ನಲ್ಲ ಬೇಟಿ" ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. "ಒಂದ್ ಮಾತು ಹೇಳು. ಗುರಪ್ಪ ಭಾಯಿಗಿ ಇದು ಗೊತ್ತಿತ್ತೇನು? ನಾ ಇಷ್ಟು ವರ್ಷ ಒಂದೇ ಮಾತು ಹಿಡ್ಕೊಂಡು ಕುಂತೀನಿ. ಅವ ಖರೇನೇ ನಾ ಕಳದೀನಂತ ತಿಳಕೊಂಡಾನ, ಅದಕ್ಕ ಅಂದಾನ. ದೋಸ್ತ ತಪ್ಪು ತಿಳದಾನ, ಸುಳ್ಳು ಹೇಳಿಲ್ಲ. ಹೌದಲ್ಲ?" ಬಿರಡೆ ನನ್ನ ಚೀಲದಲ್ಲಿತ್ತು. ಚೀಲ ತೊಡೆಗೆ ಒತ್ತುತ್ತಿತ್ತು.

"ಗೊತ್ತಿರಲಿಲ್ಲ ಚಾಚಾ" ಅಂದೆ.

ಅವನ ಹೆಗಲು ಇಳಿಯಿತು. "ನಂಗೊತ್ತಿತ್ತು" ಎಂದು ನಕ್ಕ, ಸೊಸೆಯನ್ನು ಕೂಗಿ ಚಹಾ ತರಿಸಿದ. ಬಸಿಗೆ ಸುರಿದುಕೊಂಡು, ಸೊರ್ ಎಂದು ಕುಡಿದು, ಬೋರಲು ಹಾಕಿ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. ನಾನೂ ಕುಡಿದೆ.

ಚಾಚಾನಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇದನ್ನು ನಿಮ್ಮ ಮುಂದೆ ಹೇಳಲು ನನಗೆ ಸಾಧ್ಯವಾಯಿತು. ಮನೆಗೆ ಬಂದು ಬಿರಡೆಯನ್ನು ಅದೇ ಸೀರೆಯ ತುಂಡಿನಲ್ಲಿ ಸುತ್ತಿ ನೀಲತ್ತಿಯ ಟ್ರಂಕಿನಲ್ಲಿಟ್ಟೆ. ಮುಚ್ಚಳ ಹಾಕಿದವಳು ಮತ್ತೆ ತೆಗೆದೆ. ಮಗನ ಹಳೆಯ ಕಂಪಾಸು ಡಬ್ಬಿಯಿಂದ ಒಂದು ಪೆನ್ಸಿಲ್ಲು ಹುಡುಕಿ, ಅಭ್ಯಾಸವಿಲ್ಲದಿದ್ದರೂ ನಾಲಿಗೆಗೆ ಒತ್ತಿ, ಮುತ್ಯಾನ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದೆ: "ಕೊಹೀರ್. ನಾಗರಪಂಚಮಿ ಮರುದಿನ."